ಗಲ್ಲಿಯ ಬಾಯಿಂದ ಬಾಗಿಲವರೆಗೆ: ಬೆಂಗಳೂರು ಪೇಟೆಯ ಸುರಕ್ಷತಾ ವ್ಯವಸ್ಥೆ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಅಂಗಡಿ ಇಟ್ಟವರಿಗೂ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ವಾಸಿಸುವವರಿಗೂ ಆಪತ್ತಿನಲ್ಲಿ ಕರೆಯಬಹುದಾದ ನೆರವುಗಳು ಅನೇಕ. ಪೊಲೀಸ್ ಠಾಣೆಗಳು ನಡೆದುಹೋಗುವಷ್ಟು ಹತ್ತಿರದಲ್ಲಿವೆ. ರಾಜ್ಯದ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದು ಮಾರುಕಟ್ಟೆಯ ಪಕ್ಕದಲ್ಲೇ ಇದೆ. ಆದರೂ ಇಲ್ಲಿನ ಬಹುಪಾಲು ಓಣಿಗಳಲ್ಲಿ ಸರ್ಕಾರದ ವಾಹನ ಗಲ್ಲಿಯ ಬಾಯಿಯವರೆಗೆ ಮಾತ್ರ ಬರಬಲ್ಲದು. ಅಲ್ಲಿಂದ ಬಾಗಿಲವರೆಗಿನ ದಾರಿ ಬೀದಿಯವರ ಹೊಣೆ. ಯಾವ ನೆರವು ಯಾರಿಂದ ಸಿಗುತ್ತದೆ, ಅದರ ಹಿಂದಿರುವ ಕಾನೂನು ಯಾವುದು, ಬೀದಿಯವರು ಮೊದಲೇ ಮಾಡಿಟ್ಟುಕೊಳ್ಳಬೇಕಾದದ್ದೇನು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಪೇಟೆಯ ಹರವು

1537ರಲ್ಲಿ ಒಂದನೇ ಕೆಂಪೇಗೌಡರು ಕಟ್ಟಿಸಿದ ಊರೇ ಇಂದಿನ ಪೇಟೆ. ದೊಡ್ಡಪೇಟೆ ಬೀದಿ, ಅಂದರೆ ಈಗಿನ ಅವೆನ್ಯೂ ರಸ್ತೆ, ಮತ್ತು ಚಿಕ್ಕಪೇಟೆ ಬೀದಿ ಕೂಡುವ ಚೌಕದ ಸುತ್ತ ನಗರ್ತಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ, ಕಬ್ಬನ್‌ಪೇಟೆ, ಸುಲ್ತಾನ್‌ಪೇಟೆ, ಮಾಮೂಲ್‌ಪೇಟೆ, ಕಾಟನ್‌ಪೇಟೆ, ತಿಗಳರಪೇಟೆಗಳು ಹೆಣೆದುಕೊಂಡಿವೆ. ಕಸುಬಿಗೊಂದು ಬೀದಿ ಎಂಬ ಲೆಕ್ಕ ಪೂರ್ತಿ ಅಳಿದಿಲ್ಲ. ಚಿಕ್ಕಪೇಟೆ ರೇಷ್ಮೆ ಸೀರೆಗೆ, ನಗರ್ತಪೇಟೆ ಚಿನ್ನದ ಕೆಲಸಕ್ಕೆ, ಅವೆನ್ಯೂ ರಸ್ತೆ ಪುಸ್ತಕಕ್ಕೆ, ಎಸ್‌.ಪಿ. ರಸ್ತೆ ಎಲೆಕ್ಟ್ರಾನಿಕ್ಸ್‌ಗೆ, ತರಗುಪೇಟೆ ದಿನಸಿಯ ಸಗಟಿಗೆ ಹೆಸರಾಗಿವೆ. ದಕ್ಷಿಣಕ್ಕೆ 1921ರ ಕೃಷ್ಣರಾಜೇಂದ್ರ ಮಾರುಕಟ್ಟೆ ಮತ್ತು ಕಲಾಸಿಪಾಳ್ಯ, ಪಶ್ಚಿಮಕ್ಕೆ ಮೆಜೆಸ್ಟಿಕ್ ಇವೆ. 2017ರ ಜೂನ್‌ನಿಂದ ಚಿಕ್ಕಪೇಟೆ ಮತ್ತು ಮಾರುಕಟ್ಟೆ ಎರಡರಲ್ಲೂ ಮೆಟ್ರೊ ನಿಲ್ದಾಣಗಳಿವೆ.

ಒಂದು ಕಾಲಕ್ಕೆ ಈ ಊರಿನ ಸುರಕ್ಷತೆ ಎಂದರೆ ಮಣ್ಣಿನ ಕೋಟೆ, ಸುತ್ತ ಕಂದಕ, ಹಲಸೂರು, ಯಲಹಂಕ, ಆನೇಕಲ್, ಕೆಂಗೇರಿ, ಸೊಂಡೇಕೊಪ್ಪ ಕಡೆಗಿನ ಬಾಗಿಲುಗಳು. ಇಂದು ಅಲ್ಲಿ ಕೋಟೆಯೂ ಇಲ್ಲ, ಬಾಗಿಲೂ ಇಲ್ಲ. ಹಲಸೂರು ಬಾಗಿಲಿನ ಹೆಸರು ಮಾತ್ರ ಪೊಲೀಸ್ ಠಾಣೆಯೊಂದರ ಹೆಸರಾಗಿ ಉಳಿದುಕೊಂಡಿದೆ.

ಹಗಲಿನ ಅಪಾಯ, ರಾತ್ರಿಯ ಅಪಾಯ

ಹಗಲಿನ ಪೇಟೆಯ ತೊಂದರೆಗಳು ಜನಜಂಗುಳಿಯಿಂದ ಹುಟ್ಟುವಂಥವು: ಜೇಬುಗಳ್ಳತನ, ಸರಗಳ್ಳತನ, ಕೈಗಾಡಿ–ಬೈಕುಗಳ ನೂಕುನುಗ್ಗಲಿನಲ್ಲಿ ಆಗುವ ಗಾಯ, ಗುಂಪಿನಲ್ಲಿ ತಪ್ಪಿಸಿಕೊಂಡ ಮಗು, ಹೆಂಗಸರಿಗೆ ಕಿರುಕುಳ. ರಾತ್ರಿ ಒಂಬತ್ತರ ನಂತರ ಷಟರ್‌ಗಳು ಇಳಿಯುತ್ತವೆ, ಬೀದಿ ಬರಿದಾಗುತ್ತದೆ. ಹಾಗೆಂದು ಪೇಟೆಯಲ್ಲಿ ಜನರಿಲ್ಲವೆಂದಲ್ಲ. ಕೆಳಗೆ ಸರಕು, ಮೇಲೆ ಸಂಸಾರ ಎಂಬ ಕಟ್ಟಡಗಳು ಇಲ್ಲಿ ಸಾಕಷ್ಟಿವೆ. ಕೆಲಸದ ಜಾಗದಲ್ಲೇ ಮಲಗುವ ಹುಡುಗರೂ ಇದ್ದಾರೆ.

ಪೇಟೆಯ ದೊಡ್ಡ ಸಾವುನೋವುಗಳು ಈ ರಾತ್ರಿಯ ಪಾಳಿಯಲ್ಲೇ ಆಗಿವೆ. 2018ರ ಜನವರಿ 8ರ ನಸುಕಿನಲ್ಲಿ ಮಾರುಕಟ್ಟೆ ಬಳಿಯ ಬಾರ್ ಒಂದಕ್ಕೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಐವರು ನೌಕರರು ಸತ್ತರು. 2025ರ ಆಗಸ್ಟ್ 16ರ ನಸುಕಿನಲ್ಲಿ ನಗರ್ತಪೇಟೆಯಲ್ಲಿ, ಕೆಳಗೆ ವ್ಯಾಪಾರ ಮೇಲೆ ವಾಸವಿದ್ದ ಕಟ್ಟಡ ಹೊತ್ತಿಕೊಂಡು ಐವರು ಪ್ರಾಣ ಕಳೆದುಕೊಂಡರು. ಅವರಲ್ಲಿ ನಾಲ್ವರು ಒಂದೇ ಕುಟುಂಬದವರು, ಇಬ್ಬರು ಪುಟ್ಟ ಮಕ್ಕಳು. ಸರಕಿನ ಅಪಾಯ ಹಗಲನ್ನೂ ಬಿಟ್ಟಿಲ್ಲ. 2021ರ ಸೆಪ್ಟೆಂಬರ್ 23ರಂದು ನಡುಹಗಲಲ್ಲೇ ಹೊಸ ತರಗುಪೇಟೆಯ ಗೋದಾಮಿನಲ್ಲಿದ್ದ ಪಟಾಕಿ ಸಿಡಿದು ಜೀವಹಾನಿಯಾಯಿತು. ಜನ ಮತ್ತು ಸರಕು ಒಂದೇ ಸೂರಿನಡಿ ಇರುವುದು, ಹೊರಬರಲು ಒಂದೇ ಮೆಟ್ಟಿಲು ಇರುವುದು ಪೇಟೆಯ ಮೂಲ ಸಮಸ್ಯೆ. ಮುಂದೆ ಹೇಳುವ ಪ್ರತಿಯೊಂದು ಸೌಲಭ್ಯವನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಳೆಯಬೇಕು.

112: ಒಂದು ಕರೆ, ಒಂದು ವಿಳಾಸ

ಪೊಲೀಸರಿಗಿದ್ದ ಹಳೆಯ 100ರ ಜಾಗದಲ್ಲಿ ಈಗ 112 ಇದೆ. ದೇಶಕ್ಕೆಲ್ಲ ಒಂದೇ ಆದ ಈ ತುರ್ತು ಸಂಖ್ಯೆಗೆ ಕರೆ ಮಾಡಿದರೆ ನಿಯಂತ್ರಣ ಕೊಠಡಿಯವರು ಹತ್ತಿರದಲ್ಲಿರುವ ಹೊಯ್ಸಳ ಗಸ್ತು ವಾಹನಕ್ಕೆ ಸುದ್ದಿ ಮುಟ್ಟಿಸುತ್ತಾರೆ. ಬೆಂಕಿಯ ಕರೆಯನ್ನೂ ಇಲ್ಲಿಗೇ ಮಾಡಬಹುದು. ಅಗ್ನಿಶಾಮಕದ 101, ಆಂಬುಲೆನ್ಸ್‌ನ 108 ಕೂಡ ಬಳಕೆಯಲ್ಲಿವೆ. ಮಾತನಾಡಲಾಗದ ಸ್ಥಿತಿಯಲ್ಲಿ ಸ್ಮಾರ್ಟ್‌ಫೋನಿನ ಪವರ್ ಗುಂಡಿಯನ್ನು ಮೂರು ಸಲ ಬೇಗಬೇಗ ಒತ್ತಿದರೆ, ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವಂತೆ ಈ ವ್ಯವಸ್ಥೆಯನ್ನು ರೂಪಿಸಲಾಗಿದೆ. ಎಲ್ಲ ಫೋನುಗಳೂ ಒಂದೇ ಬಗೆಯಲ್ಲಿ ನಡೆದುಕೊಳ್ಳುವುದಿಲ್ಲ. ನಿಮ್ಮ ಫೋನಿನಲ್ಲಿ ಈ ಅನುಕೂಲ ಹೇಗಿದೆ ಎಂದು ಸೆಟ್ಟಿಂಗ್ಸ್‌ನಲ್ಲಿ ಮೊದಲೇ ನೋಡಿಟ್ಟುಕೊಳ್ಳುವುದು ಜಾಣತನ.

ಪೇಟೆಯಲ್ಲಿ ಕರೆಯಷ್ಟೇ ಮುಖ್ಯವಾದದ್ದು ವಿಳಾಸ. ಇಲ್ಲಿನ ಅಡ್ಡರಸ್ತೆಗಳಿಗೆ ಹಳೆಯದೊಂದು ಹೆಸರು, ಫಲಕದಲ್ಲಿ ಇನ್ನೊಂದು ಹೆಸರು, ಹಮಾಲಿಗಳ ಬಾಯಲ್ಲಿ ಮತ್ತೊಂದು ಹೆಸರು. ಜಿಪಿಎಸ್ ಕಟ್ಟಡವನ್ನು ತೋರಿಸಬಹುದು, ಆದರೆ ಯಾವ ಸಂದಿಯಿಂದ ಒಳಬರಬೇಕೆಂದು ಹೇಳದು. ಕರೆ ಮಾಡಿದವರು ಹೇಳಬೇಕಾದದ್ದು ಮೂರು ಸಂಗತಿ: ವಾಹನ ನಿಲ್ಲಬಲ್ಲ ದೊಡ್ಡ ರಸ್ತೆ ಯಾವುದು, ಆ ರಸ್ತೆಯಲ್ಲಿ ಎಲ್ಲರಿಗೂ ಗೊತ್ತಿರುವ ಗುರುತು ಯಾವುದು (ಗುಡಿ, ಮಸೀದಿ, ಬ್ಯಾಂಕು, ಮೆಟ್ರೊ ದ್ವಾರ), ಅಲ್ಲಿಂದ ಎಷ್ಟನೇ ಸಂದಿ. ಕರೆ ಮುಗಿದ ಕೂಡಲೇ ಒಬ್ಬರು ಹೋಗಿ ಗಲ್ಲಿಯ ಬಾಯಲ್ಲಿ ನಿಂತಿರಬೇಕು. ಇದಕ್ಕೆ ಖರ್ಚಿಲ್ಲ, ಉಳಿಯುವುದು ಅಮೂಲ್ಯವಾದ ನಿಮಿಷಗಳು.

ಠಾಣೆ, ಬೀಟ್ ಮತ್ತು ಎಫ್‌ಐಆರ್

ಪೇಟೆಯ ಭಾಗಗಳು ಒಂದೇ ಠಾಣೆಗೆ ಸೇರಿಲ್ಲ. ಹಲಸೂರು ಗೇಟ್, ಚಿಕ್ಕಪೇಟೆ, ಸಿಟಿ ಮಾರ್ಕೆಟ್, ಉಪ್ಪಾರಪೇಟೆ, ಕಾಟನ್‌ಪೇಟೆ, ಕಲಾಸಿಪಾಳ್ಯ ಠಾಣೆಗಳ ಸರಹದ್ದುಗಳು ಇಲ್ಲಿ ಅಕ್ಕಪಕ್ಕ ಇವೆ. ರಸ್ತೆಯ ಈ ಬದಿ ಒಂದು ಠಾಣೆ, ಆ ಬದಿ ಇನ್ನೊಂದು ಎಂಬಂತಿದ್ದರೂ ದೂರುದಾರರು ಅಲೆಯಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಪೊಲೀಸರು ಕ್ರಮ ಕೈಗೊಳ್ಳಬಹುದಾದ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು. ಎಲೆಕ್ಟ್ರಾನಿಕ್ ರೂಪದಲ್ಲೂ ದೂರು ಕಳಿಸಬಹುದು, ಆದರೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಪುಕ್ಕಟೆಯಾಗಿ ಕೊಡಬೇಕೆಂದೂ ಅದೇ ಕಲಮು ಹೇಳುತ್ತದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗೆ ಬರವಣಿಗೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು.

ಕಳೆದುಹೋದ ದಾಖಲೆ, ಚೀಲ, ಫೋನುಗಳ ವಿಚಾರದಲ್ಲಿ ಕರ್ನಾಟಕ ಪೊಲೀಸರ ಇ–ಲಾಸ್ಟ್ ಸೇವೆಯ ಮೂಲಕ ಡಿಜಿಟಲ್ ಸ್ವೀಕೃತಿ ಪಡೆಯಬಹುದು. ಆ ಸ್ವೀಕೃತಿಯೊಂದಿಗೆ ಕೇಂದ್ರ ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ಫೋನಿನ ಐಎಂಇಐ ಸಂಖ್ಯೆಯನ್ನು ತಡೆಹಿಡಿಸಿದರೆ ಕದ್ದವರಿಗೆ ಆ ಫೋನು ಉಪಯೋಗಕ್ಕೆ ಬಾರದು. ಐಎಂಇಐ ಇರುವುದು ಫೋನಿನ ಪೆಟ್ಟಿಗೆಯ ಮೇಲೆ ಮತ್ತು ಬಿಲ್ಲಿನಲ್ಲಿ. ಅವೆರಡನ್ನು ಎಸೆಯಬಾರದು.

ಪ್ರತಿ ಠಾಣೆಯೂ ತನ್ನ ಸರಹದ್ದನ್ನು ಬೀಟ್‌ಗಳಾಗಿ ಹಂಚಿರುತ್ತದೆ. ನಿಮ್ಮ ಬೀದಿಯ ಬೀಟ್ ಪೊಲೀಸರು ಯಾರೆಂದು ಠಾಣೆಯಲ್ಲಿ ಕೇಳಿ, ಅವರ ಫೋನ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬಹುದು. ಹೊಸದಾಗಿ ಕೆಲಸಕ್ಕೆ ಸೇರುವವರ ಹಿನ್ನೆಲೆ ಪರಿಶೀಲನೆಗೆ ಸೇವಾ ಸಿಂಧು ಮೂಲಕ ಅರ್ಜಿ ಹಾಕುವ ವ್ಯವಸ್ಥೆ ಇದೆ. ಚಿನ್ನದ ಕೆಲಸದ ಮನೆಗಳಂತೆ ಬೆಲೆಬಾಳುವ ಸರಕನ್ನು ಇನ್ನೊಬ್ಬರ ಕೈಗೆ ಒಪ್ಪಿಸುವ ಕಡೆ ಇದನ್ನು ಮಾಡಿಸಿಡುವುದು ಮಾಲೀಕರಿಗೂ ಒಳ್ಳೆಯದು, ಪ್ರಾಮಾಣಿಕ ಕೆಲಸಗಾರರಿಗೂ ಒಳ್ಳೆಯದು.

ಕ್ಯಾಮೆರಾ ಮತ್ತು ಕಾವಲು

2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮವು ಹೆಚ್ಚು ಜನ ಸೇರುವ ಸಂಸ್ಥೆಗಳಿಗೆ ಸಿಸಿಟಿವಿ ಕ್ಯಾಮೆರಾವನ್ನು ಕಡ್ಡಾಯ ಮಾಡಿದೆ. ವಾಣಿಜ್ಯ ಸಂಸ್ಥೆ, ಆಸ್ಪತ್ರೆ, ಶಾಲೆ, ಧಾರ್ಮಿಕ ಸ್ಥಳಗಳಂಥ ಜಾಗಗಳಲ್ಲಿ ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವಂತಿದ್ದರೆ ಈ ಕಾನೂನು ಅನ್ವಯಿಸುತ್ತದೆ. ದೃಶ್ಯಗಳನ್ನು 30 ದಿನ ಉಳಿಸಿಕೊಳ್ಳಬೇಕು, ಪೊಲೀಸರು ಕೇಳಿದಾಗ ಒದಗಿಸಬೇಕು. ಚಿಕ್ಕಪೇಟೆಯ ದೊಡ್ಡ ಸೀರೆ ಮಳಿಗೆಗಳು ಹಬ್ಬ–ಮದುವೆಯ ದಿನಗಳಲ್ಲಿ ಈ ಲೆಕ್ಕವನ್ನು ಸುಲಭವಾಗಿ ದಾಟುತ್ತವೆ.

ಸಣ್ಣ ಅಂಗಡಿಗಳಿಗೆ ಈ ಕಡ್ಡಾಯ ಇಲ್ಲ. ಆದರೂ ನಾಲ್ಕಾರು ಅಂಗಡಿಯವರು ಕೂಡಿ ಗಲ್ಲಿಯ ಎರಡೂ ತುದಿಗೆ ಕ್ಯಾಮೆರಾ ಹಾಕಿಸಿದರೆ ಒಬ್ಬೊಬ್ಬರು ತಮ್ಮ ಗಲ್ಲಾಪೆಟ್ಟಿಗೆಯ ಮೇಲಷ್ಟೇ ಹಾಕಿಕೊಳ್ಳುವುದಕ್ಕಿಂತ ಹೆಚ್ಚು ಉಪಯೋಗ. ರೆಕಾರ್ಡಿಂಗ್ ಪೆಟ್ಟಿಗೆಯನ್ನು ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟರೆ ಕಳ್ಳರು ಅದನ್ನೇ ಹೊತ್ತೊಯ್ಯುತ್ತಾರೆ. ಗಡಿಯಾರ ತಪ್ಪು ತೋರಿಸುವ ಕ್ಯಾಮೆರಾ ತನಿಖೆಯಲ್ಲಿ ಗೊಂದಲಕ್ಕೆ ಕಾರಣವಾಗುತ್ತದೆ. ತಿಂಗಳಿಗೊಮ್ಮೆ ಇವೆರಡನ್ನೂ ನೋಡಬೇಕು.

ನಗರದ ಮಟ್ಟದಲ್ಲಿ ನಿರ್ಭಯಾ ನಿಧಿಯಡಿ ಕೈಗೊಂಡ ಬೆಂಗಳೂರು ಸೇಫ್ ಸಿಟಿ ಯೋಜನೆಯಿಂದ ಸಾವಿರಾರು ಕ್ಯಾಮೆರಾಗಳು ಮತ್ತು ಒಂದು ಕಮಾಂಡ್ ಸೆಂಟರ್ ಬಂದಿವೆ. ಆಯ್ದ ಜಾಗಗಳಲ್ಲಿ ಗುಂಡಿ ಒತ್ತಿ ನೇರವಾಗಿ ಪೊಲೀಸರೊಂದಿಗೆ ಮಾತನಾಡಬಹುದಾದ ‘ಸುರಕ್ಷತಾ ದ್ವೀಪ’ಗಳನ್ನೂ ಇಟ್ಟಿದ್ದಾರೆ. ಖಾಸಗಿ ಕಾವಲುಗಾರರನ್ನು ಏಜೆನ್ಸಿಯ ಮೂಲಕ ನೇಮಿಸುವವರು 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಡಿ ಆ ಏಜೆನ್ಸಿಗೆ ಪರವಾನಗಿ ಇದೆಯೇ ಎಂದು ಕೇಳಬೇಕು.

ಬೆಂಕಿ

ಮನೆ ಹತ್ತಿ ಉರಿಯುವಾಗ ಬಾವಿ ತೋಡಿದಂತೆ ಎಂಬ ಗಾದೆ ಪೇಟೆಗೆ ಅಕ್ಷರಶಃ ಒಪ್ಪುತ್ತದೆ. ಅಗ್ನಿಶಾಮಕ ಲಾರಿಯ ಅಗಲ ಎರಡೂವರೆ ಮೀಟರ್ ಆಸುಪಾಸು. ಎರಡೂ ಬದಿ ಸ್ಕೂಟರ್ ನಿಂತ ಓಣಿಗೆ ಅದು ನುಗ್ಗಲಾರದು. ಆಗ ಸಿಬ್ಬಂದಿ ದೊಡ್ಡ ರಸ್ತೆಯಲ್ಲೇ ಲಾರಿ ನಿಲ್ಲಿಸಿ, 15 ಅಥವಾ 30 ಮೀಟರ್ ಉದ್ದದ ಹೋಸ್ ಪೈಪುಗಳನ್ನು ಒಂದಕ್ಕೊಂದು ಜೋಡಿಸುತ್ತ ಒಳಗೆ ಓಡಬೇಕು. ಎತ್ತರದ ಕಟ್ಟಡಗಳಿಗೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕೆಂಬ ನಿಯಮವಿದೆ. ಪೇಟೆಯ ಮೂರು–ನಾಲ್ಕು ಮಹಡಿಯ ಹಳೆಯ ಕಟ್ಟಡಗಳು ಬಹುತೇಕ ಆ ಲೆಕ್ಕಕ್ಕೆ ಸಿಗುವುದಿಲ್ಲ. ಕಾಗದಪತ್ರ ಕೇಳುವವರಿಲ್ಲವೆಂದರೆ ಅಪಾಯ ಇಲ್ಲವೆಂದಲ್ಲ. ಇಲ್ಲಿ ಮಾಲೀಕರೇ ತಮಗೆ ತಾವೇ ತಪಾಸಣೆದಾರರಾಗಬೇಕಾಗುತ್ತದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಹೊರಬರುವ ದಾರಿ. ಮೆಟ್ಟಿಲ ಮೇಲೆ, ಮೆಟ್ಟಿಲ ಕೆಳಗೆ ಬಟ್ಟೆಯ ಬೇಲು, ರಟ್ಟಿನ ಪೆಟ್ಟಿಗೆ, ಸ್ಕೂಟರ್ ಇಡುವಂತಿಲ್ಲ. ಬಿದ್ದ ಬೆಂಕಿ ಮೇಲೇರುವುದು ಅದೇ ಮೆಟ್ಟಿಲಿನಿಂದ, ಜನ ಇಳಿಯಬೇಕಾದದ್ದೂ ಅದೇ ಮೆಟ್ಟಿಲಿನಿಂದ. ಒಳಗೆ ಕೆಲಸಗಾರರು ಮಲಗಿದ್ದರೆ ಷಟರ್‌ಗೆ ಹೊರಗಿನಿಂದ ಬೀಗ ಜಡಿದು ಹೋಗುವುದು ಅವರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಂತೆ. ಒಳಗಿನಿಂದ ಬೀಗದ ಕೈ ಇಲ್ಲದೆಯೂ ತೆರೆಯುವಂತಿರಬೇಕು. ಕಿಟಕಿಗಳ ಕಬ್ಬಿಣದ ಸರಳುಗಳಲ್ಲಿ ಒಂದನ್ನಾದರೂ ತೆರೆದು ಮುಚ್ಚುವ ಹಾಗೆ ಮಾಡಿಸಬೇಕು. ತಾರಸಿಯ ಬಾಗಿಲಿಗೆ ರಾತ್ರಿ ಬೀಗ ಬೇಡ. ಪೇಟೆಯ ಕಟ್ಟಡಗಳು ಗೋಡೆಗೆ ಗೋಡೆ ಹಚ್ಚಿಕೊಂಡಿವೆ. ಪಕ್ಕದ ತಾರಸಿಗೆ ದಾಟುವ ದಾರಿಯನ್ನು ನೆರೆಯವರೊಂದಿಗೆ ಮೊದಲೇ ಮಾತಾಡಿಕೊಂಡರೆ ಅದೇ ಎರಡನೇ ಮೆಟ್ಟಿಲು.

ಎರಡನೆಯದು ಬೆಂಕಿ ನಂದಿಸುವ ಸಿಲಿಂಡರ್. ಬಟ್ಟೆ, ಕಾಗದ, ಎಣ್ಣೆ, ಗ್ಯಾಸ್ ಎಲ್ಲಕ್ಕೂ ಎಬಿಸಿ ಪುಡಿಯ ಐಎಸ್‌ಐ ಗುರುತಿನ ಸಿಲಿಂಡರ್ ನಡೆಯುತ್ತದೆ. ಕಂಪ್ಯೂಟರ್, ವಿದ್ಯುತ್ ಫಲಕಗಳ ಬಳಿ ಇಂಗಾಲದ ಡೈಆಕ್ಸೈಡ್‌ನದು ವಾಸಿ. ಬಳಸುವ ಕ್ರಮ ನಾಲ್ಕು ಹೆಜ್ಜೆಯದು: ಪಿನ್ ಎಳೆಯುವುದು, ನಳಿಕೆಯನ್ನು ಜ್ವಾಲೆಯ ತುದಿಗಲ್ಲ ಬುಡಕ್ಕೆ ಹಿಡಿಯುವುದು, ಹಿಡಿಕೆ ಒತ್ತುವುದು, ಆ ಕಡೆ ಈ ಕಡೆ ಬೀಸುವುದು. ಸಣ್ಣ ಸಿಲಿಂಡರ್ ಅರ್ಧ ನಿಮಿಷವೂ ಬಾರದು. ಅಷ್ಟರಲ್ಲಿ ಆರದ ಬೆಂಕಿಯನ್ನು ಬಿಟ್ಟು ಹೊರಗೆ ಓಡಬೇಕು. ಜೀವ ತೆಗೆಯುವುದು ಬಹುಪಾಲು ಉರಿಯಲ್ಲ, ಹೊಗೆ. ಹೊಗೆ ತುಂಬಿದಾಗ ನೆಲಕ್ಕೆ ಹತ್ತಿರ ಬಾಗಿ, ಮೂಗಿಗೆ ಒದ್ದೆ ಬಟ್ಟೆ ಹಿಡಿದು ಸಾಗಬೇಕು. ಹೊರಬಂದ ಮೇಲೆ ಸರಕಿಗಾಗಿ ಒಳಗೆ ಮರಳಬಾರದು.

ಮುಂಬೈ ಬಂದರಿನಲ್ಲಿ 1944ರ ಏಪ್ರಿಲ್ 14ರಂದು ಹಡಗು ಸಿಡಿದು ಅನೇಕ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡ ನೆನಪಿಗೆ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಬೀದಿಯ ವರ್ತಕರ ಸಂಘದವರು ಹತ್ತಿರದ ಅಗ್ನಿಶಾಮಕ ಠಾಣೆಗೆ ಹೋಗಿ ಪ್ರಾತ್ಯಕ್ಷಿಕೆ ಕೇಳಲು ಇದು ತಕ್ಕ ಸಮಯ.

ಕರೆಂಟು, ಗ್ಯಾಸು, ಪಟಾಕಿ

ಪೇಟೆಯ ಹಳೆಯ ಕಟ್ಟಡಗಳಲ್ಲಿ ವೈರಿಂಗ್ ಮಾಡಿದ ಕಾಲಕ್ಕೂ ಈಗ ಅದರ ಮೇಲೆ ಹೇರಿರುವ ಹೊರೆಗೂ ಸಂಬಂಧವಿಲ್ಲ. ಎರಡು ಬಲ್ಬು, ಒಂದು ಫ್ಯಾನಿಗೆ ಎಳೆದ ತಂತಿ ಈಗ ಎ.ಸಿ., ದೀಪಾಲಂಕಾರ, ಇ–ಸ್ಕೂಟರ್ ಚಾರ್ಜರ್‌ಗಳನ್ನು ಹೊರುತ್ತಿದೆ. ಎಂಸಿಬಿ ಮೇಲಿಂದ ಮೇಲೆ ಬೀಳುತ್ತಿದ್ದರೆ ಅದನ್ನು ದೊಡ್ಡದಕ್ಕೆ ಬದಲಿಸುವುದು ಪರಿಹಾರವಲ್ಲ, ಎಚ್ಚರಿಕೆ ಕೊಡುತ್ತಿರುವವರ ಬಾಯಿ ಕಟ್ಟಿದಂತೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ತಂತಿಯನ್ನೇ ಬದಲಿಸಿ, ಆಘಾತ ತಡೆಯುವ ಆರ್‌ಸಿಸಿಬಿ ಹಾಕಿಸಬೇಕು. ಇ–ಸ್ಕೂಟರನ್ನಾಗಲಿ ಬ್ಯಾಟರಿಯನ್ನಾಗಲಿ ಮೆಟ್ಟಿಲ ಬುಡದಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಬಾರದು. ಕಂಬದಲ್ಲಿ ಕಿಡಿ, ಜೋತುಬಿದ್ದ ತಂತಿ ಕಂಡರೆ ಬೆಸ್ಕಾಂನ 1912ಕ್ಕೆ ಹೇಳಬೇಕು. ಬೆಂಕಿ ಬಿದ್ದಾಗ ನೀರು ಹಾಕುವ ಮೊದಲು ಮೈನ್ ಸ್ವಿಚ್ ಆರಿಸಬೇಕು. ಅದು ಎಲ್ಲಿದೆ ಎಂದು ಅಂಗಡಿಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಚಿನ್ನದ ಕೆಲಸದ ಮನೆ, ಹೋಟೆಲು, ದರ್ಶಿನಿಗಳಲ್ಲಿ ಗ್ಯಾಸ್ ಸಿಲಿಂಡರ್ ಅನಿವಾರ್ಯ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಅಡುಗೆ ಅನಿಲದ ಮಿತಿ 100 ಕಿಲೊ. 19 ಕಿಲೊ ತೂಕದ ವಾಣಿಜ್ಯ ಸಿಲಿಂಡರ್ ಲೆಕ್ಕದಲ್ಲಿ ಐದು. ಮನೆಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು ನಿಷಿದ್ಧ. ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಹರಡಿ ನೆಲಮಾಳಿಗೆಯಲ್ಲಿ ಮಡುಗಟ್ಟುತ್ತದೆ. ವಾಸನೆ ಬಂದಾಗ ಸ್ವಿಚ್ಚನ್ನು ಹಾಕಲೂಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಬೇಕು. ದೀಪಾವಳಿಗೆ ಮುನ್ನ ಪಟಾಕಿಯನ್ನು ಬೇರೆ ಸರಕಿನ ನಡುವೆ ಬಚ್ಚಿಡುವುದು ಅಪರಾಧ, ಪರವಾನಗಿ ಇಲ್ಲದ ದಾಸ್ತಾನು ಕಂಡವರು 112ಕ್ಕೆ ತಿಳಿಸಬಹುದು.

ಗಾಯ, ಆಂಬುಲೆನ್ಸ್, ಆಸ್ಪತ್ರೆ

ಪೇಟೆಯ ಅದೃಷ್ಟವೆಂದರೆ ಆಸ್ಪತ್ರೆಗಳ ಸಾಮೀಪ್ಯ. 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆ ಮಾರುಕಟ್ಟೆಯ ಮಗ್ಗುಲಲ್ಲೇ ಇದೆ. ಅಪಘಾತ ಚಿಕಿತ್ಸೆಗೆ ಟ್ರಾಮಾ ಕೇಂದ್ರ, ಸುಟ್ಟಗಾಯಕ್ಕೆ ಪ್ರತ್ಯೇಕ ವಿಭಾಗ ಅಲ್ಲಿವೆ. ಹೆರಿಗೆ ಮತ್ತು ಮಕ್ಕಳಿಗೆ ವಾಣಿ ವಿಲಾಸ, ಕಣ್ಣಿಗೆ ಮಿಂಟೋ ಅದೇ ಸುತ್ತಿನಲ್ಲಿವೆ. ದೀಪಾವಳಿಯ ಪಟಾಕಿಗೆ ಕಣ್ಣು ಕೊಟ್ಟವರು ವರ್ಷವರ್ಷವೂ ಓಡುವುದು ಮಿಂಟೋಗೆ. 2008ರ ನವೆಂಬರ್ 1ರಂದು ಶುರುವಾದ 108 ಆಂಬುಲೆನ್ಸ್ ಸೇವೆ ಉಚಿತ. ಗಲ್ಲಿಯೊಳಗೆ ಸ್ಟ್ರೆಚರ್ ಬಾರದಿದ್ದರೆ ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಹೊರಬಹುದು. ಬೆನ್ನುಮೂಳೆಗೆ ಪೆಟ್ಟಾಗಿರುವ ಅನುಮಾನವಿದ್ದರೆ ಮಾತ್ರ ಅಲುಗಿಸದೆ ಸಿಬ್ಬಂದಿಗೆ ಕಾಯಬೇಕು. ಸುಟ್ಟಗಾಯಕ್ಕೆ ಹರಿಯುವ ತಣ್ಣೀರೇ ಮೊದಲ ಮದ್ದು. ಶಾಯಿ, ಟೂತ್‌ಪೇಸ್ಟ್, ಎಣ್ಣೆ ಹಚ್ಚಬಾರದು.

ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್, ಕೋರ್ಟು ಎಂದು ಅಲೆಯಬೇಕಾದೀತೆಂಬ ಹಳೆಯ ಅಂಜಿಕೆ ಈಗ ಬೇಡ. ಕರ್ನಾಟಕ ಇದಕ್ಕೆಂದೇ 2016ರಲ್ಲಿ ಕಾಯ್ದೆ ಮಾಡಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ನೆರವಾದವರನ್ನು ಸಿವಿಲ್, ಕ್ರಿಮಿನಲ್ ಹೊಣೆಯಿಂದ ಕಾಪಾಡುತ್ತದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಏಳು ದಿನದವರೆಗೆ ₹1.5 ಲಕ್ಷದ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರಲ್ಲಿ ಜಾರಿಗೆ ಬಂದಿದೆ.

ಹೆಂಗಸರು, ಮಕ್ಕಳು, ಹಿರಿಯರು

ಪೇಟೆಯ ಮಳಿಗೆಗಳಲ್ಲಿ ಸೇಲ್ಸ್ ಕೆಲಸಕ್ಕಿರುವ ಹೆಂಗಸರು ತಿಳಿದಿರಬೇಕಾದ ಒಂದು ಮಾತಿದೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಪೇಟೆಯ ಅಂಗಡಿಗಳಲ್ಲಿ ಎಷ್ಟೋ ಕಡೆ ಕೆಲಸಕ್ಕಿರುವುದು ನಾಲ್ಕೈದು ಜನ. ಅಂಥ ಕಡೆಯವರು, ಅಥವಾ ಮಾಲೀಕನ ಮೇಲೇ ದೂರಿರುವವರು, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಂಕಟದಲ್ಲಿರುವ ಹೆಂಗಸರಿಗೆ 181 ಮತ್ತು 1091 ಸಹಾಯವಾಣಿಗಳಿವೆ.

ಜಂಗುಳಿಯಲ್ಲಿ ತಪ್ಪಿಸಿಕೊಂಡ ಮಗು ಸಿಕ್ಕರೆ, ದುಡಿಮೆಗೆ ಹಚ್ಚಿದ ಮಗು ಕಂಡರೆ 1098. ಹದಿನಾಲ್ಕು ವರ್ಷದೊಳಗಿನವರನ್ನು ಕೆಲಸಕ್ಕಿಟ್ಟುಕೊಳ್ಳುವುದು ಅಪರಾಧ. ಪೇಟೆಯ ಹಳೆಯ ಮನೆಗಳಲ್ಲಿ ಒಂಟಿಯಾಗಿ ಉಳಿದ ಹಿರಿಯರಿಗೆ ಬೆಂಗಳೂರು ಪೊಲೀಸರ ಸಹಯೋಗದಲ್ಲಿ 2002ರಲ್ಲಿ ಶುರುವಾದ 1090 ಮತ್ತು ದೇಶಮಟ್ಟದ 14567 ಸಹಾಯವಾಣಿಗಳಿವೆ.

ಗಲ್ಲಾಪೆಟ್ಟಿಗೆಯ ಹೊಸ ಕಳ್ಳರು

ಈಗ ಗಲ್ಲಾಪೆಟ್ಟಿಗೆಗೆ ಕೈಹಾಕುವವರು ಅಂಗಡಿಗೆ ಬರಬೇಕೆಂದಿಲ್ಲ. ಅಂಟಿಸಿದ ಕ್ಯೂಆರ್ ಚೀಟಿಯ ಮೇಲೆ ತಮ್ಮದನ್ನು ಅಂಟಿಸುವುದು, ಹಣ ಕಳಿಸಿದಂತೆ ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಸರಕು ಒಯ್ಯುವುದು, ಅಧಿಕಾರಿಯ ಸೋಗಿನಲ್ಲಿ ಫೋನು ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವುದು ಇವರ ವರಸೆಗಳು. ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಬೆಳಿಗ್ಗೆ ಷಟರ್ ಎತ್ತಿದೊಡನೆ ಒಂದು ರೂಪಾಯಿ ಹಾಕಿ ಕ್ಯೂಆರ್ ತಮ್ಮದೇ ಎಂದು ನೋಡಿಕೊಳ್ಳಬೇಕು. ಸೌಂಡ್‌ಬಾಕ್ಸ್ ನುಡಿಯದೆ, ಖಾತೆಯಲ್ಲಿ ಕಾಣದೆ ಸರಕು ಕೊಡಬಾರದು.

ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲೇ ತಡೆಹಿಡಿಯುವ ಅವಕಾಶವಿರುವುದು ಮೊದಲ ಕೆಲವು ಗಂಟೆಗಳಲ್ಲಿ. ಬ್ಯಾಂಕಿಗೂ ಅದೇ ದಿನ ಬರವಣಿಗೆಯಲ್ಲಿ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ ಎಂದಾದಾಗ ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ನಷ್ಟದ ಹೊಣೆ ಬೀಳುವುದಿಲ್ಲ. ಒಟಿಪಿಯನ್ನು ತಾವೇ ಹೇಳಿದವರಿಗೆ ಈ ರಕ್ಷೆ ಇಲ್ಲ.

ಮಳೆ ಮತ್ತು ಕರಗ

ಮೇ ತಿಂಗಳ ಮಳೆಗೂ ಸೆಪ್ಟೆಂಬರ್ ಮಳೆಗೂ ಪೇಟೆಯ ನೆಲಮಾಳಿಗೆಗಳು ತುಂಬುವುದುಂಟು. ನೀರು ನುಗ್ಗಿದ ನೆಲಮಾಳಿಗೆಗೆ ಕರೆಂಟು ಆರಿಸದೆ ಇಳಿಯಬಾರದು. ಚರಂಡಿ, ರಸ್ತೆಗುಂಡಿ, ಉರುಳುವಂತಿರುವ ಗೋಡೆಗಳ ದೂರಿಗೆ ಪಾಲಿಕೆಯ 1533, ಒಳಚರಂಡಿಗೆ ಜಲಮಂಡಳಿಯ 1916 ಇವೆ. ಬಿಬಿಎಂಪಿಯ ಜಾಗದಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳು ಬಂದಿವೆ. ಪೇಟೆ ಸೇರಿರುವುದು ಬೆಂಗಳೂರು ಕೇಂದ್ರ ನಗರಪಾಲಿಕೆಗೆ.

ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಟಾಗ ಇದೇ ಇಕ್ಕಟ್ಟಿನ ಬೀದಿಗಳಲ್ಲಿ ಜನಸಾಗರ ಸೇರುತ್ತದೆ. ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುವ ಮೆರವಣಿಗೆಗಾಗಿ ಬೀದಿಯವರು ಅಂದು ವಾಹನ, ಸರಕು ಎಲ್ಲವನ್ನೂ ತೆಗೆದು ದಾರಿ ಬಿಡುತ್ತಾರೆ. ಯಾರೂ ಕಾನೂನಿನ ಕಲಮು ತೋರಿಸಬೇಕಾಗುವುದಿಲ್ಲ. ಓಣಿಯನ್ನು ತೆರವಾಗಿಡುವುದು ಪೇಟೆಗೆ ಗೊತ್ತಿಲ್ಲದ ವಿದ್ಯೆಯಲ್ಲ. ವರ್ಷಕ್ಕೊಂದು ರಾತ್ರಿ ಆಗುವುದು ಉಳಿದ ರಾತ್ರಿಗಳಲ್ಲೂ ಆಗಬೇಕಾಗಿದೆ.

ನಷ್ಟವಾದ ಮೇಲೆ

ಸಣ್ಣ ವ್ಯಾಪಾರಿಗಳಿಗೆಂದೇ 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಒಂದೇ ಮಾದರಿಯ ಪಾಲಿಸಿಗಳಿವೆ. ಒಂದು ಜಾಗದಲ್ಲಿರುವ ಆಸ್ತಿಯ ಬೆಲೆ ₹5 ಕೋಟಿಯವರೆಗಿದ್ದರೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ₹5 ಕೋಟಿಯಿಂದ ₹50 ಕೋಟಿಯವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಕ್ಲೇಮಿನಲ್ಲಿ ಎಡವುವುದು ಸಾಮಾನ್ಯವಾಗಿ ದಾಸ್ತಾನಿನ ಲೆಕ್ಕದಲ್ಲಿ. ಲೆಕ್ಕದ ಪುಸ್ತಕವೂ ಅಂಗಡಿಯ ಜೊತೆ ಸುಟ್ಟುಹೋದರೆ ಇದ್ದ ಸರಕನ್ನು ತೋರಿಸಲು ಏನೂ ಉಳಿಯುವುದಿಲ್ಲ. ವಾರಕ್ಕೊಮ್ಮೆ ದಾಸ್ತಾನಿನ ಫೋಟೊ ಮತ್ತು ಬಿಲ್ಲುಗಳ ಪ್ರತಿಯನ್ನು ಬೇರೆ ಕಡೆ ಉಳಿಸಿಡಬೇಕು. ಅಗ್ನಿಶಾಮಕ ಇಲಾಖೆಯ ವರದಿಯನ್ನೂ ಪೊಲೀಸ್ ದೂರಿನ ಪ್ರತಿಯನ್ನೂ ಕೇಳಿ ಪಡೆಯಬೇಕು.

ಷಟರ್‌ನ ಒಳಬದಿಗೆ ಒಂದು ಹಾಳೆ

ತುರ್ತು ನೆರವು, ಪೊಲೀಸ್: 112
ಅಗ್ನಿಶಾಮಕ: 101
ಆಂಬುಲೆನ್ಸ್: 108
ಗ್ಯಾಸ್ ಸೋರಿಕೆ: 1906
ಬೆಸ್ಕಾಂ: 1912
ಜಲಮಂಡಳಿ: 1916
ಪಾಲಿಕೆ: 1533
ಸೈಬರ್ ವಂಚನೆ: 1930
ಮಹಿಳೆಯರಿಗೆ: 181, 1091
ಮಕ್ಕಳಿಗೆ: 1098
ಹಿರಿಯರಿಗೆ: 1090, 14567

ಈ ಪಟ್ಟಿಯನ್ನು ಮಾಲೀಕರ ಫೋನಿನಲ್ಲಿ ಉಳಿಸಿಕೊಂಡರೆ ಸಾಲದು. ನಡುರಾತ್ರಿ ಬೆಂಕಿ ಬಿದ್ದಾಗ ಮಾಲೀಕರು ಜಯನಗರದಲ್ಲೋ ರಾಜಾಜಿನಗರದಲ್ಲೋ ಮಲಗಿರುತ್ತಾರೆ. ಅಂಗಡಿಯೊಳಗಿರುವುದು ರಾಜಸ್ಥಾನದಿಂದಲೋ ಬಿಹಾರ, ಬಂಗಾಳದಿಂದಲೋ ಬಂದ, ಬೀದಿಯ ಹೆಸರನ್ನೂ ಸರಿಯಾಗಿ ಹೇಳಲು ಬಾರದ ಹುಡುಗ. ಆದ್ದರಿಂದ ಒಂದು ಹಾಳೆಯಲ್ಲಿ ಈ ಸಂಖ್ಯೆಗಳನ್ನೂ ಅವುಗಳ ಕೆಳಗೆ ಅಂಗಡಿಯ ಪೂರ್ತಿ ವಿಳಾಸವನ್ನೂ ಲಾರಿ ನಿಲ್ಲುವ ದೊಡ್ಡ ರಸ್ತೆಯ ಹೆಸರನ್ನೂ ಕನ್ನಡದಲ್ಲಿ ಮತ್ತು ಅವನು ಓದಬಲ್ಲ ಲಿಪಿಯಲ್ಲಿ ಬರೆದು ಷಟರ್‌ನ ಒಳಬದಿಗೆ ಅಂಟಿಸಿ. ಇವತ್ತು ಅಂಗಡಿ ಮುಚ್ಚುವ ಮುನ್ನ ಅವನಿಂದ ಒಮ್ಮೆ ಗಟ್ಟಿಯಾಗಿ ಓದಿಸಿ, ಷಟರನ್ನು ಒಳಗಿನಿಂದ ತೆರೆಯಲು ಅವನಿಗೆ ಬರುತ್ತದೆಯೇ ಎಂದು ನೋಡಿ ಮನೆಗೆ ಹೋಗಿ.